ಮೂರನೆಯ ಬಣ್ಣ

ನಮ್ಮ ಅತ್ತಿಗೆಯ ಹತ್ತಿರ ಬಟ್ಟೆ ಹೊಲಿಸಲು ಬಂದವರು ಮೊದಲು ಹೊಟ್ಟೆ ತೋರಿಸಬೇಕು. ಹೊಸಬರು ನಾಚುತ್ತಾರೆ, ನಗುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. ಬೆಲ್ಲಿ ಡ್ಯಾನ್ಸ್ ಮಾಡುವವರು, ತುಂಬಿದ ಸಭೆಯಲ್ಲಿ ಬರಿಹೊಟ್ಟೆ ಬಿಟ್ಟುಕೊಂಡು ಕುಣಿಯುವವರು, ಇಬ್ಬರು ಹೆಂಗಸರ ಮುಂದೆ ಅಂಗಿ ಎತ್ತಲು ಹಿಂದೆಮುಂದೆ ನೋಡುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತಿಗೆಗೆ ಮಾತ್ರ ತಾಳ್ಮೆ. ಬಂದವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, "ಮುಖ ಬೇಡಮ್ಮ. ಮುಖಕ್ಕೆ ಏನೇನೋ ಹಚ್ಕೊಂಡಿರ್ತೀರ. ಹೊಟ್ಟೆ ಸುಳ್ಳು ಹೇಳಲ್ಲ," ಎನ್ನುತ್ತಾರೆ. ಅದೂ ಬೆಳಿಗ್ಗೆಯೇ ಬರಬೇಕು. ಸಂಜೆ ಬಂದವರನ್ನು ನೀರು ಕೊಟ್ಟು ವಾಪಸು ಕಳಿಸುವುದೇ.

ಅತ್ತಿಗೆಯ ಲೆಕ್ಕದಲ್ಲಿ ಈ ಉಡುಪಿಗೆ ಮೂರು ಬಣ್ಣ. ಬಟ್ಟೆಯದು ಒಂದು, ಮಣಿಯದು ಒಂದು. ಎದೆಯ ತುಂಡಿಗೂ ಸೊಂಟಪಟ್ಟಿಗೂ ನಡುವೆ ಒಂದು ಗೇಣು ಮೈ ಬರಿದಾಗಿ ಉಳಿಯುತ್ತದಲ್ಲ, ಆ ಮೈಯದು ಮೂರನೆಯ ಬಣ್ಣ. "ಮೊದಲ ಎರಡನ್ನ ನಾನು ಬಜಾರಿನಿಂದ ತರಬಹುದು. ಮೂರನೇದು ಹುಟ್ಟುತ್ತಾ ತಂದಿದ್ದು. ಇವೆರಡು ಅದಕ್ಕೆ ಹೊಂದ್ಕೋಬೇಕು, ಅದು ಇವಕ್ಕಲ್ಲ," ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿ ಕೇಳಿ ನನಗೆ ಅದು ನಿದ್ದೆಯಲ್ಲೂ ಬಾಯಿಗೆ ಬರುತ್ತದೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಕೆಳಗೆ ಬೀಗದ ಕೈ ಮಾಡುವವನ ಮಳಿಗೆ, ಅದರ ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ನಮ್ಮ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕಿಟಕಿ, ಆಳೆತ್ತರದ ಕನ್ನಡಿ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಹಿಂದಿನದರಲ್ಲಿ ನಾನು, ನನ್ನ ಮಣಿಡಬ್ಬಿಗಳು. ಅಣ್ಣ ಬದುಕಿದ್ದಾಗಲೇ ನಾನು ಗಂಡನ ಮನೆಗೊಂದು ದೊಡ್ಡ ನಮಸ್ಕಾರ ಹಾಕಿ ಇಲ್ಲಿಗೆ ಬಂದವಳು. ಆಮೇಲೆ ಅಣ್ಣ ಹೋದ. ನಾವಿಬ್ಬರು, ಅಣ್ಣನ ಒಬ್ಬಳೇ ಮಗಳು, ಇಷ್ಟೇ ಉಳಿದದ್ದು. ಅತ್ತಿಗೆ ನಾದಿನಿ ಇಷ್ಟು ಕಾಲ ಜಗಳವಾಡದೆ ಹೇಗೆ ಇದ್ದೀರಿ ಎಂದು ಜನ ಕೇಳುತ್ತಾರೆ. ನಾವು ದಿನಾ ಜಗಳವಾಡುತ್ತೇವೆ, ಅದಕ್ಕೇ ಇದ್ದೇವೆ.

ಬಣ್ಣ ಆರಿಸುವಾಗ ಅತ್ತಿಗೆಯನ್ನು ನೋಡಬೇಕು. ಒಮ್ಮೆ ಬೇಕರಿ ನಡೆಸುವಾಕೆಯೊಬ್ಬಳು ಬಂದಳು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಕುಣಿಯಲು ಕಲಿತವಳು. ಆಸೆಯೋ ಆಸೆ. ಕೆಂಪಿಗೂ ಕೈ ಹಾಕಿದಳು, ಗಿಳಿಹಸಿರಿಗೂ ಹಾಕಿದಳು, ಚಮಕಿಯ ಡಬ್ಬಿಗಳನ್ನೆಲ್ಲ ತೆಗೆಸಿದಳು. "ನನಗೆ ಎಲ್ಲಾ ಬಣ್ಣಾನೂ ಇಷ್ಟ, ಎಲ್ಲಾನೂ ಒಂದಿಷ್ಟಿಷ್ಟು ಹಾಕಿ," ಎಂದಳು. ಅತ್ತಿಗೆ ನಗಲಿಲ್ಲ. "ಎಲ್ಲರೂ ಒಟ್ಟಿಗೆ ಬಾಯಿ ಹಾಕಿದ್ರೆ ಸಂತೆ ಆಗುತ್ತೆ ಕಣಮ್ಮ. ಸೊಂಟ ಮಾತಾಡೋವಾಗ ಬಟ್ಟೆ ಬಾಯಿ ಮುಚ್ಕೊಂಡಿರ್ಬೇಕು," ಎಂದು ಹೇಳಿ, ಬದನೆಕಾಯಿ ಬಣ್ಣದ ಲಂಗಕ್ಕೆ ತಾಮ್ರದ ಮಣಿಯ ಪಟ್ಟಿ ಕಟ್ಟಿಸಿದರು. ಲಂಗ ಕಡುಬಣ್ಣ, ಪಟ್ಟಿ ಹೊಳಪು. ಸೊಂಟ ಒಂದು ಬೆರಳಷ್ಟು ಅಲುಗಿದರೂ ಕೊನೆಯ ಸಾಲಿನವನಿಗೆ ಕಾಣಬೇಕು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ಬೇಕರಿಯಾಕೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ತನ್ನಿಚ್ಛೆಯನ್ನು ಅಲ್ಲೇ ಮರೆತಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿಗೆ ಬರುವವರು ನೆಲಕ್ಕೆ ಏನೂ ಅನ್ನುವುದಿಲ್ಲ, ಬಟ್ಟೆ ಸರಿಯಿಲ್ಲ ಅನ್ನುತ್ತಾರೆ. ತಿರುಗುವಾಗ ಕಾಲು ತಪ್ಪಿದರೆ ಲಂಗದ ಘೇರು ಕಮ್ಮಿಯಾಯಿತು. ಉಸಿರು ಹತ್ತದಿದ್ದರೆ ಪಟ್ಟಿ ಬಿಗಿಯಾಯಿತು. ಇಂಥ ದೂರುಗಳನ್ನು ಕೇಳುತ್ತ, ಬಿಚ್ಚುತ್ತ, ಮತ್ತೆ ಹೊಲಿಯುತ್ತ ಅತ್ತಿಗೆಗೆ ಒಂದು ನಂಬಿಕೆ ಕೂತುಬಿಟ್ಟಿತ್ತು. ಲೋಕದ ಯಾವ ತೊಂದರೆಯನ್ನಾದರೂ ಕತ್ತರಿ, ದಾರ, ಬಣ್ಣದಿಂದ ಸರಿಮಾಡಬಹುದು ಎಂದು. ಆ ನಂಬಿಕೆ ನಮ್ಮ ಮನೆಗೇ ಬಂದು ಬಡಿಯಿತು.

ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ. ಚಿಕ್ಕವಳಿದ್ದಾಗ ಕತ್ತರಿಸಿ ಉಳಿದ ಬಟ್ಟೆಯ ತುದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ಸುತ್ತಿ ಸುತ್ತಿ ಬೀಳುತ್ತಿದ್ದಳು. ಬಿದ್ದು ಎದ್ದು ಕೊನೆಗೆ ಅದನ್ನೇ ಕಸುಬು ಮಾಡಿಕೊಂಡಳು. ಊರಿನ ನಾಟ್ಯಶಾಲೆಯಲ್ಲಿ ಹೆಂಗಸರಿಗೆ ಕಲಿಸುತ್ತಾಳೆ, ಅಲ್ಲಿಯ ತಂಡದಲ್ಲಿ ಕುಣಿಯುತ್ತಾಳೆ, ಹತ್ತಿರದಲ್ಲೇ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ರೂಮು ಹಿಡಿದಿದ್ದಾಳೆ. ನಮ್ಮಲ್ಲಿಗೆ ಬರುವುದು ಸಂಜೆ, ಕ್ಲಾಸು ಮುಗಿದ ಮೇಲೆ, ಮುಖದ ಬಣ್ಣ, ಕಣ್ಣಿನ ಕಪ್ಪು ಯಾವುದನ್ನೂ ತೊಳೆಯದೆ. ಬಂದವಳೇ ಬಟ್ಟೆಯ ಸುರುಳಿಗಳ ಮೇಲೆ ದೊಪ್ಪನೆ ಕೂತು, "ಅತ್ತೆ, ತಿನ್ನೋಕೆ ಏನಿದೆ?" ಎನ್ನುವುದು.

ಅವಳ ಬಣ್ಣ ನವಿಲುನೀಲಿ, ಜೊತೆಗೆ ಬೆಳ್ಳಿಮಣಿ. ಅವಳು ಮೊದಲ ಸಲ ವೇದಿಕೆ ಹತ್ತಿದಾಗ ಅತ್ತಿಗೆ ಆರಿಸಿದ್ದು, ಆಮೇಲೆ ಬದಲಾಗಲಿಲ್ಲ. ಅಷ್ಟು ಜನರ ಹೊಟ್ಟೆಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನೋಡುವ ಅತ್ತಿಗೆ, ಮಗಳನ್ನು ಮಾತ್ರ ಮತ್ತೆ ನೋಡಿದವರಲ್ಲ. "ಅವಳ ಬಣ್ಣ ನನಗೆ ಬಾಯಿಪಾಠ. ನಾನೇ ಹೆತ್ತಿದ್ದಲ್ವಾ?" ಎನ್ನುತ್ತಿದ್ದರು.

ಹೋದ ವರ್ಷ ಬುಗುರಿಗೆ ಹೊಸ ನೀಲಿ ಹೊಲಿದೆವು. ಸಂಜೆ ಬಂದು ಹಾಕಿಕೊಂಡಳು. ಟ್ಯೂಬ್‌ಲೈಟಿನ ಕೆಳಗೆ ಅತ್ತಿಗೆ ಅವಳ ಸುತ್ತ ಒಂದು ಸುತ್ತು ಬಂದು ಹುಬ್ಬು ಗಂಟಿಕ್ಕಿದರು. "ಈ ನೀಲಿ ಸತ್ತಿದೆ. ನಿನ್ನನ್ನ ಮಂಕು ಮಾಡ್ತಿದೆ," ಎಂದರು. ಮರುದಿನ ಮಿಕ್ಕ ಸುರುಳಿಯೆಲ್ಲ ಬಟ್ಟೆಯಂಗಡಿಗೆ ವಾಪಸು ಹೋಯಿತು. ಅಂಗಡಿಯವನು ಆಣೆಪ್ರಮಾಣ ಮಾಡಿದ, ಅದೇ ಗಿರಣಿ, ಅದೇ ಬಣ್ಣ ಎಂದ. ಅತ್ತಿಗೆ ಕೇಳಲಿಲ್ಲ. ಬಣ್ಣ ಅದ್ದುವವನು ನೀರು ಬೆರೆಸಿದ್ದಾನೆ, ನೀನು ಕಣ್ಣು ಮುಚ್ಚಿಕೊಂಡು ತಂದಿದ್ದೀಯ ಎಂದು ಅವನ ಮೇಲೇ ಹಾರಾಡಿದರು. ಪಾಪ, ಅವನು ಬೇರೆ ಕಡೆಯಿಂದ ಇನ್ನೊಂದು ಸುರುಳಿ ತರಿಸಿಕೊಟ್ಟ. ಅದನ್ನು ಉಟ್ಟರೂ ಹುಡುಗಿ ಹಾಗೇ ಮಂಕು.

ಅತ್ತಿಗೆ ಸೋಲುವವರಲ್ಲ. ನೀಲಿಯನ್ನು ಕೈಬಿಟ್ಟು ಒಂದೊಂದೇ ತುಂಡು ತೆಗೆದು ಬುಗುರಿಯ ಸೊಂಟಕ್ಕೆ ಹಿಡಿಯುತ್ತ ಬಂದರು. ನೇರಳೆ ಹಿಡಿದರು, ತಟ್ಟನೆ ತೆಗೆದರು. ಬಿಳಿಯನ್ನಂತೂ ಹತ್ತಿರ ಬಿಡಲಿಲ್ಲ. ಕೊನೆಗೆ ಕೇಸರಿಗೆ ತಾಮ್ರ, ಅದರ ಅಂಚಿಗೆ ಹಳೆಯ ಚಿನ್ನದ ಬಣ್ಣದ ಮಣಿ. ಇಟ್ಟರೋ ಇಲ್ಲವೋ, ಹುಡುಗಿ ದೀಪ ಹಚ್ಚಿದ ಹಾಗೆ ಬೆಳಗಿದಳು. ನಾನೂ ಹಿಂದಿನ ಕೋಣೆಯಿಂದ ಎದ್ದು ಬಂದು ನೋಡಿದೆ. ನಿಜಕ್ಕೂ ಚೆನ್ನಾಗಿತ್ತು.

"ನೋಡಿದ್ಯಾ? ಹೆಣ್ಣುಮಕ್ಕಳಿಗೆ ನೀಲಿ ಒಂದು ವಯಸ್ಸಿನ ತನಕ. ಆಮೇಲೆ ಬಿಸಿ ಬಣ್ಣಕ್ಕೆ ಬರಬೇಕು," ಎಂದರು ಅತ್ತಿಗೆ.

"ಈ ಶಾಸ್ತ್ರ ಯಾವಾಗ ಹುಟ್ಟಿತು?" ಎಂದು ಕೇಳಿದೆ.

"ಈಗ," ಎಂದರು. ಮೂವರೂ ನಕ್ಕೆವು.

ಆ ಉಡುಪಿನಲ್ಲಿ ಬುಗುರಿ ಎಲ್ಲಿ ಕುಣಿದರೂ ಚಿನ್ನದ ಬೊಂಬೆ ಎಂದರು. ಅವಳನ್ನು ನೋಡಿ ಇನ್ನೂ ನಾಲ್ಕು ಜನ ಕೇಸರಿ ತಾಮ್ರವೇ ಬೇಕೆಂದು ಬಂದರು. ಅತ್ತಿಗೆ ಅವರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿ, ನಿಮಗಾಗುವುದಿಲ್ಲ ಎಂದು ಕಳಿಸಿದರು.

ಆಮೇಲೆ ಬುಗುರಿಗೆ ಕೆರೆತ ಶುರುವಾಯಿತು. "ಅಮ್ಮ, ಒಳಗಡೆ ಏನೋ ಚುಚ್ಚುತ್ತೆ," ಎಂದಳು. ಲೈನಿಂಗ್ ನೈಲಾನಿನದು, ಅದಕ್ಕೇ ಎಂದು ಬಿಚ್ಚಿ ಮೆತ್ತನೆಯ ಹತ್ತಿ ಹಾಕಿದೆವು. ಆದರೂ ಕೆರೆತ. ಆಗ ತಪ್ಪು ನನ್ನ ತಲೆಗೆ ಬಂತು. ನಾನು ಮಣಿಯ ಗಂಟುಗಳ ತುದಿಯನ್ನು ಒಳಗೆ ಬಿಟ್ಟಿದ್ದೇನಂತೆ. ಮಣಿ ಪೋಣಿಸಿಯೇ ಬೆರಳು ಸವೆಸಿದವಳಿಗೆ ಈ ಮಾತು. ಆ ಸಿಟ್ಟಿಗೆ ಪ್ರತಿ ಗಂಟಿನ ಮೇಲೂ ಬೆರಳಾಡಿಸಿ ತೋರಿಸಿದೆ, ಒಂದು ತುದಿಯೂ ಚುಚ್ಚಲಿಲ್ಲ. ಹಾಗಾದರೆ ಮಣಿಯ ಬಣ್ಣಕ್ಕೇ ಏನೋ ಬೆರೆಸಿದ್ದಾರೆ ಎಂದರು ಅತ್ತಿಗೆ.

ಇನ್ನಷ್ಟು ದಿನಕ್ಕೆ, "ಭಾರ ಅಮ್ಮ, ಒಂದು ಹಾಡು ಮುಗಿಯೋಷ್ಟರಲ್ಲಿ ಕಾಲು ನಡುಗುತ್ತೆ," ಎಂದಳು. ಗಾಜಿನ ಮಣಿಯ ಕುಚ್ಚುಗಳನ್ನೆಲ್ಲ ಕತ್ತರಿಸಿ ರೇಷ್ಮೆಯ ಕುಚ್ಚು ಕಟ್ಟಿದೆವು. ಆಮೇಲೆ ಸೊಂಟಪಟ್ಟಿ ಹಿಡಿಯಿತು. ಅತ್ತಿಗೆ ಕೊಂಡಿ ಸಡಿಲ ಮಾಡಿ, "ಹೋಟೆಲಿನಲ್ಲಿ ತಿಂದು ತಿಂದು ಹೊಟ್ಟೆ ಬೆಳೆಸ್ತಿದೀಯ," ಎಂದು ಬೈದರು. ಪಟ್ಟಿ ಹಿಡಿದುಕೊಂಡಿದ್ದ ನನ್ನ ಕೈಗೆ ಅವಳ ತೋಳು ತಗುಲಿತ್ತು. ಬರಿ ಎಲುಬು.

"ಅತ್ತಿಗೆ, ಹೊಟ್ಟೆ ಬೆಳೆದವಳ ತೋಳು ಹೀಗಿರುತ್ತಾ?" ಎಂದೆ.

"ದಿನಾ ಕುಣಿಯೋಳ ತೋಳು ಇನ್ನು ಹೇಗಿರುತ್ತೆ?" ಎಂದು ಕೊಂಡಿ ಹೊಲಿಯುತ್ತಲೇ ಹೇಳಿದರು. ಮೈ ಕೊಟ್ಟ ದೂರನ್ನೆಲ್ಲ ನಮ್ಮ ಮನೆಯಲ್ಲಿ ಹೊಲಿಗೆಯ ದೂರು ಎಂದೇ ಕೇಳಿಸಿಕೊಂಡದ್ದು ಹೀಗೆ.

ಒಂದು ಬೆಳಿಗ್ಗೆ ನಾಟ್ಯಶಾಲೆಯ ಲೈಟಿನಣ್ಣ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ವೇದಿಕೆಯ ದೀಪಗಳನ್ನು ನೋಡಿಕೊಳ್ಳುವ ವಯಸ್ಸಾದ ಮನುಷ್ಯ. ಬಗಲಲ್ಲಿ ಒಂದು ದೀಪ, ಕೈಯಲ್ಲಿ ದೀಪದ ಮುಂದೆ ಹಾಕುವ ಬಣ್ಣದ ಹಾಳೆಗಳು. ಶಾಲೆಯ ದೊಡ್ಡ ಪ್ರದರ್ಶನ ಹತ್ತಿರ ಬಂದಿತ್ತು, ಅದರಲ್ಲಿ ಬುಗುರಿ ಮೊದಲ ಸಲ ಒಬ್ಬಳೇ ಕುಣಿಯುವವಳಿದ್ದಳು, ಅದೂ ಬೆಳದಿಂಗಳಿನ ಹಾಡಿಗೆ. ಬೆಳದಿಂಗಳೆಂದರೆ ನೀಲಿ ದೀಪ.

"ಅಮ್ಮ, ನಿಮ್ಮ ಬಟ್ಟೆ ನನ್ನ ನೀಲೀನ ಕೆಡಿಸ್ತಿದೆ," ಎಂದ ಅವನು. "ಹುಡುಗಿ ನಿಂತ್ರೆ ಮೈಯೆಲ್ಲ ಕೆಸರು ಬಳಿದ ಹಾಗೆ ಕಾಣುತ್ತೆ. ಆರು ತಿಂಗಳಿಂದ ಅವಳು ಬಂದಾಗೆಲ್ಲ ನಾನು ಹಾಳೆ ಬದಲಾಯಿಸಿ ಹೇಗೋ ಸಂಭಾಳಿಸಿದೀನಿ. ಬೆಳದಿಂಗಳನ್ನ ನಾನು ಕಿತ್ತಳೆ ಮಾಡೋಕಾಗುತ್ತಾ?"

"ನಿಮ್ಮ ಲೈಟು ಹಳೇದಾಗಿರ್ಬೇಕು ಅಣ್ಣ. ನನ್ನ ಬಟ್ಟೇಲಿ ದೋಷ ಇಲ್ಲ," ಎಂದರು ಅತ್ತಿಗೆ.

"ಅದನ್ನ ತೋರಿಸೋಕೇ ಹೊತ್ಕೊಂಡು ಬಂದಿರೋದು."

ಇಬ್ಬರಿಗೂ ಮರ್ಯಾದೆಯ ಪ್ರಶ್ನೆ. ಕಿಟಕಿ ಮುಚ್ಚಿ ದೀಪ ಹಚ್ಚಿದರು. ಹಾಳೆ ಹಾಕದ ಬಿಳಿ ಬೆಳಕಿನಲ್ಲಿ ಕೇಸರಿ ತಾಮ್ರದ ಉಡುಪನ್ನು ಮೇಜಿನ ಮೇಲೆ ಹರಡಿದರು. ಬಣ್ಣ ಇದ್ದ ಹಾಗೇ ಇತ್ತು. ಅತ್ತಿಗೆ ತಮ್ಮ ಕೈ ಇಟ್ಟರು, ನನ್ನ ಕೈ ಎಳೆದು ಇಟ್ಟರು. ಕೈಗಳು ಕೈಗಳ ಹಾಗೇ ಇದ್ದವು. ನೀಲಿ ಹಾಳೆ ಹಾಕಿದರೂ ನಮ್ಮ ಕೈಗೆ ಬೆಳದಿಂಗಳೇ ಬಂತು, ಕೆಸರು ಬರಲಿಲ್ಲ. ಲೈಟಿನಣ್ಣ ತಲೆ ಕೆರೆದುಕೊಂಡ. ಅಷ್ಟರಲ್ಲಿ ಬುಗುರಿ ಬಂದಳು. ತಾಲೀಮಿಗೆ ಮೊದಲು ಉಡುಪು ತೆಗೆದುಕೊಂಡು ಹೋಗಲು ಬಾ ಎಂದು ಅತ್ತಿಗೆಯೇ ಹೇಳಿದ್ದರು. ಆಗಷ್ಟೇ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಬಂದಿದ್ದಳು, ಮುಖಕ್ಕೆ ಏನೂ ಹಚ್ಚಿರಲಿಲ್ಲ.

"ಬಾಮ್ಮ, ಇಲ್ಲಿ ನಿಂತ್ಕೋ ಸ್ವಲ್ಪ," ಎಂದು ಲೈಟಿನಣ್ಣ ಹಾಳೆ ತೆಗೆದು ಬಿಳಿ ಬೆಳಕನ್ನು ಅವಳ ಕಡೆ ತಿರುಗಿಸಿದ.

ಅವಳು ಅಂಗಿಯನ್ನು ಸ್ವಲ್ಪ ಎತ್ತಿಕೊಂಡು ನಿಂತಳು. ಅವನು ಒಮ್ಮೆ ಅವಳ ಹೊಟ್ಟೆ ನೋಡಿದ, ಒಮ್ಮೆ ನಮ್ಮ ಕೈ ನೋಡಿದ. ಲೈಟಿನಣ್ಣ ದೀಪ ಆರಿಸಿ ವೈರು ಸುತ್ತತೊಡಗಿದ. ಅವನ ಸಿಟ್ಟೆಲ್ಲ ಇಳಿದುಹೋಗಿತ್ತು.

"ಬಟ್ಟೆ ಸರಿ ಇದೆಯಮ್ಮ," ಎಂದ. "ಲೈಟೂ ಸರಿ ಇದೆ."

ಹಾಗಾದರೆ ಉಳಿದದ್ದು ಯಾವುದು ಎಂದು ಅತ್ತಿಗೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಿಟಕಿ ತೆರೆದರು. ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕಣ್ಣಿನ ಬಿಳಿ ಎನ್ನುವುದೇ ಇರಲಿಲ್ಲ, ಪೂರ್ತಿ ಹಳದಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಮಾತಿದೆ. ನಮ್ಮ ಮನೆಯಲ್ಲಿ ನೋಡುವವರ ಕಣ್ಣು ಚೆನ್ನಾಗೇ ಇತ್ತು, ಎದುರಿಗಿದ್ದ ಹಳದಿಯೇ ಕಾಣಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರೆ. ನಮಗೆ ಆಳೆತ್ತರದ ಕನ್ನಡಿಯೇ ಇತ್ತಲ್ಲ, ಏನು ಬಂತು ಅದರಿಂದ?

ಅವತ್ತೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೆಂಗಸು, ಮೆಲುದನಿಯವರು. ಬುಗುರಿಯ ಹೊಟ್ಟೆಯನ್ನು ಬೆರಳಿನಿಂದ ಬಡಿದು ನೋಡಿದರು, ರಕ್ತಕ್ಕೆ ಬರೆದುಕೊಟ್ಟರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಎದುರಿಗೆ ಕೂರಿಸಿಕೊಂಡು ಕೇಳಿದರು.

"ಕೆರೆತ ಯಾವಾಗಿಂದ?"

"ಲೈನಿಂಗ್ ನೈಲಾನಿಂದಿತ್ತು, ಬದಲಾಯಿಸಿದ್ವಿ," ಎಂದರು ಅತ್ತಿಗೆ.

"ಸುಸ್ತು?"

"ಮಣಿ ಭಾರ ಆಗಿತ್ತು. ಅದನ್ನ ತೆಗೆದ್ವಿ."

"ಹೊಟ್ಟೆ ಊದಿಕೊಂಡಿದ್ದು?"

"ಕೊಂಡಿ ಸಡಿಲ ಮಾಡಿದ್ವಿ..." ಎಂದವರು ಅಲ್ಲಿಗೆ ನಿಲ್ಲಿಸಿದರು. ತಾವು ಹೇಳುತ್ತಿರುವುದು ಆಗ ತಮ್ಮ ಕಿವಿಗೇ ಬಿತ್ತೋ ಏನೋ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನಾದರೂ ತಿರುಗಿ ಏನಾದರೂ ಅನ್ನಬಹುದಿತ್ತು. ಲಿವರ್ ಬಹಳ ದಿನಗಳಿಂದ ಕೆಡುತ್ತಾ ಬಂದಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಇವತ್ತೇ ದಾಖಲಾಗಿ ಎಂದರು. ತಡ ಮಾಡಿದರೆ ಒಳಗೆ ರಕ್ತಸ್ರಾವ ಆಗಬಹುದು, ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಬಿಡಿಸಿ ಹೇಳಿದರು.

ಬುಗುರಿ ಒಪ್ಪಲಿಲ್ಲ. "ಶೋ ಮುಗೀಲಿ. ಅಲ್ಲಿ ತನಕ ಮಾತ್ರೆ ಕೊಡಿ," ಎಂದಳು. ಡಾಕ್ಟರು ಎಷ್ಟು ಹೇಳಿದರೂ ಅದೇ ಮಾತು. ಅತ್ತಿಗೆ ಬೇಡಿಕೊಂಡರು, ಗದರಿದರು, ಅತ್ತರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವಳು ಮಾತ್ರೆಯ ಚೀಟಿ ಹಿಡಿದುಕೊಂಡು ರೂಮಿಗೆ ಹೋದಳು, ತಾಲೀಮನ್ನೂ ಬಿಡಲಿಲ್ಲ.

ಮರುದಿನ ಸಂಜೆ ಅಂಗಡಿಗೆ ಬಂದು, ಕೇಸರಿ ತಾಮ್ರ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹೊಟ್ಟೆಯ ಉಬ್ಬು ಕಾಣದ ಹಾಗೆ ಸೊಂಟಪಟ್ಟಿಯನ್ನು ಮೇಲಕ್ಕೆ ಎಳೆದುಕೊಂಡಿದ್ದಳು.

"ನೋಡು ಅಮ್ಮ, ನಾನು ಚೆನ್ನಾಗೇ ಇದೀನಿ. ಎಲ್ಲರೂ ಚಿನ್ನದ ಬೊಂಬೆ ಅಂತಾರೆ, ನಿನಗೊಬ್ಬಳಿಗೆ ರೋಗ ಕಾಣುತ್ತೆ," ಎಂದಳು.

ನಾನು ಕನ್ನಡಿಯಲ್ಲಿ ನೋಡಿದೆ. ಅವಳು ಹೇಳಿದ್ದು ಸುಳ್ಳಲ್ಲ. ಆ ಬಣ್ಣಗಳ ನಡುವೆ ಅವಳು ಬೆಳಗುತ್ತಿದ್ದಳು. ಹಳದಿಯ ಪಕ್ಕದಲ್ಲಿ ಅದೇ ಜಾತಿಯ ಇನ್ನೂ ಗಾಢವಾದ ಬಣ್ಣವನ್ನು ಇಟ್ಟರೆ ಹಳದಿ ಕರಗಿಹೋಗುತ್ತದೆ, ಅತ್ತಿಗೆಯ ಕೈಗೆ ಅದು ಗೊತ್ತಿತ್ತು, ಅವರ ತಲೆಗೆ ಗೊತ್ತಾಗುವ ಮೊದಲೇ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರು. ನನಗೆ ಆಗ ನಿಜವಾಗಿ ಭಯವಾಯಿತು.

ಅತ್ತಿಗೆ ಬೆಳಗಾದೊಡನೆ ಬಟ್ಟೆಯಂಗಡಿಗೆ ಹೋಗಿ ನವಿಲುನೀಲಿ ತಂದರು. ತಾವು ಬೈದು ಕಳಿಸಿದ್ದ ಅದೇ ಸುರುಳಿ. ಕತ್ತರಿಸಿ ಹೊಲಿಯಲು ಕೂತರು, ನನಗೆ ಬಿಳಿ ಮಣಿಯ ಡಬ್ಬಿ ಕೊಟ್ಟರು. ಬೆಳ್ಳಿಯಲ್ಲ, ಹಾಲುಬಿಳಿ.

"ಬೆಳದಿಂಗಳಿಗಾ?" ಎಂದು ಕೇಳಿದೆ.

"ಅವಳಿಗೆ ಕಾಣಿಸೋಕೆ."

ಅರ್ಥವಾದಾಗ ಸೂಜಿ ಕೆಳಗಿಟ್ಟೆ. "ಹೆತ್ತ ಮಗಳನ್ನ ಹೆದರಿಸ್ತೀರಾ?"

"ಹೂಂ," ಎಂದರು. "ಬಾಯಲ್ಲಿ ಹೇಳಿ ನೋಡಿದೆ, ಆಗ್ಲಿಲ್ಲ. ನನಗೆ ಬರೋದು ಇದೊಂದೇ. ನೀನು ಮಾಡ್ತೀಯೋ, ನಾನೇ ಪೋಣಿಸ್ಲೋ?"

ಬೈದುಕೊಳ್ಳುತ್ತಲೇ ಪೋಣಿಸಿದೆ. ಕೆಲಸ ಬೇಗ ಮುಗಿಯಿತು, ಅತ್ತಿಗೆಗೆ ಅಂದವಾಗಿ ಕಾಣುವುದು ಬೇಕಿರಲಿಲ್ಲ. ಬೆಳದಿಂಗಳ ಹಾಡಿಗೆ ನೀಲಿಯೇ ಸರಿ, ಬೆಳಿಗ್ಗೆ ಬಂದು ಹಾಕಿ ನೋಡು, ಮುಖಕ್ಕೆ ಏನೂ ಹಚ್ಚಬೇಡ ಎಂದು ಹೇಳಿ ಕಳಿಸಿದರು. ತನ್ನ ಹಳೆಯ ಬಣ್ಣ ವಾಪಸು ಬಂತೆಂದು ಹುಡುಗಿ ಖುಷಿಯಿಂದಲೇ ಬಂದಳು. ಹಿಂದಿನ ಕೋಣೆಯಲ್ಲಿ ಬದಲಾಯಿಸಿಕೊಂಡು ಹೊರಗೆ ಬಂದಾಗ ಅತ್ತಿಗೆ ಅವಳ ಭುಜ ಹಿಡಿದು ಕಿಟಕಿಯ ಹತ್ತಿರಕ್ಕೆ ನಡೆಸಿ, ಕನ್ನಡಿಯನ್ನು ಅವಳ ಕಡೆ ತಿರುಗಿಸಿದರು.

ಆ ನೀಲಿಯ, ಆ ಬಿಳಿಯ ನಡುವೆ ಅವಳ ಹೊಟ್ಟೆ ಹಳೆಯ ಕಾಗದದ ಬಣ್ಣಕ್ಕಿತ್ತು. ಊದಿಕೊಂಡಿತ್ತು, ಹೊಕ್ಕುಳ ಹೊರಬಂದಿತ್ತು, ಮೇಲೆ ನರಗಳು ಹರಿದಾಡಿದ್ದವು. ಕತ್ತು ಹಳದಿ, ಕಿವಿ ಹಳದಿ. ನಾನು ಸಾಕಿ ಬೆಳೆಸಿದ ಹುಡುಗಿ, ನನಗೇ ನೋಡಲಾಗಲಿಲ್ಲ.

ಬುಗುರಿ ಬಹಳ ಹೊತ್ತು ನೋಡಿದಳು. ಆಮೇಲೆ, "ತೆಗಿ," ಎಂದಳು.

"ನೋಡು," ಎಂದರು ಅತ್ತಿಗೆ.

"ಅಮ್ಮ, ಬಿಚ್ಚು ಇದನ್ನ."

"ಸಾಕು ಬಿಡಿ ಅತ್ತಿಗೆ," ಎಂದೆ ನಾನು.

"ನೀನು ಸುಮ್ನಿರು. ಇಷ್ಟು ದಿನ ನಾನು ಮುಚ್ಚಿಟ್ಟಿದೀನಿ. ಒಂದು ನಿಮಿಷ ನೋಡ್ಲಿ." ಮಗಳ ಭುಜ ಹಿಡಿದ ಅವರ ಕೈ ಸಡಿಲವಾಗಲಿಲ್ಲ.

ಬುಗುರಿ ಆ ನೀಲಿಯಲ್ಲೇ ನೆಲದ ಮೇಲೆ ಕೂತು ಅತ್ತಳು. ಚಿಕ್ಕಂದಿನಲ್ಲಿ ಬಿದ್ದಾಗ ಅತ್ತಂತೆ ಬಾಯಿ ತೆರೆದು ಅತ್ತಳು. ಅತ್ತಿಗೆ ಹತ್ತಿರ ಹೋದರೆ ಕೈ ತಳ್ಳಿದಳು. ಕೊಂಡಿಗಳನ್ನು ನಾನು ಬಿಚ್ಚಿದೆ. ಮುಖ ಒರೆಸಿಕೊಂಡ ಮೇಲೆ ನನಗೆ ಹೇಳಿದಳು, "ಅತ್ತೆ, ಶೋಗೆ ಬೇರೆಯವರನ್ನ ನೋಡ್ಕೊಳ್ಳೋಕೆ ಹೇಳ್ಬಿಡು."

ಆಸ್ಪತ್ರೆ ಸೇರಿದ ಮೊದಲ ದಿನಗಳು ಕೆಟ್ಟವು. ಹೊಟ್ಟೆಯಿಂದ ನೀರು ತೆಗೆದರು. ಔಷಧಿ ಶುರುಮಾಡಿದರು. ಔಷಧಿಗೆ ಬಗ್ಗಿದರೆ ಸರಿ, ಇಲ್ಲದಿದ್ದರೆ ಬೇರೆ ಲಿವರ್ ಹಾಕುವ ಮಾತು ಬರುತ್ತದೆ, ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅತ್ತಿಗೆ ಅಂಗಡಿ ಮುಚ್ಚಿ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತರು. ಬುಗುರಿ ಅವರ ಕೈಯಿಂದ ನೀರು ಕುಡಿಯುತ್ತಿದ್ದಳು, ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಮಾತು ಮಾತ್ರ ನನ್ನ ಜೊತೆ.

ಒಂದು ಮಧ್ಯಾಹ್ನ ಅವಳೇ ಕೇಳಿದಳು. "ನೀಲಿ ಬಿಟ್ಟು ಕೇಸರಿಗೆ ಬಂದ್ಯಲ್ಲ. ಆವತ್ತೇ ನಿನಗೆ ಕಂಡಿತ್ತಾ?"

ಅತ್ತಿಗೆ ಇಲ್ಲ ಎನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

"ಕಂಡಿತ್ತು," ಎಂದರು. "ಬಣ್ಣ ಅಂತ ಕಂಡಿತ್ತು. ಮಗಳು ಅಂತ ಕಾಣ್ಲಿಲ್ಲ."

"ಬೇರೆಯವರ ಮಗಳಾಗಿದ್ರೆ?"

"ಬೇರೆಯವರ ಮಗಳಾಗಿದ್ರೆ ಬೆಳಕಲ್ಲಿ ನಿಲ್ಲಿಸಿ ನೋಡ್ತಿದ್ದೆ."

ಬುಗುರಿ ಗೋಡೆಯ ಕಡೆ ಹೊರಳಿ ಮಲಗಿದಳು. ಅತ್ತಿಗೆ ಎದ್ದು ಹೊರಗಿನ ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುತ್ತಲೇ ನಿಂತಿದ್ದರು. ನಾನು ಹೋಗಿ ನಲ್ಲಿ ನಿಲ್ಲಿಸಬೇಕಾಯಿತು.

ಅಲ್ಲಿಂದಾಚೆ ಪ್ರತಿ ಬೆಳಿಗ್ಗೆ ಬುಗುರಿ ಎದ್ದ ಕೂಡಲೇ ಅತ್ತಿಗೆ ಹೊದಿಕೆ ಸರಿಸಿ ಅವಳ ಹೊಟ್ಟೆ, ಅಂಗೈ, ಕಣ್ಣು ನೋಡುತ್ತಿದ್ದರು. "ಹೇಗಿದೆ?" ಎಂದು ಅವಳು ಕೇಳುತ್ತಿದ್ದಳು. ತಾಯಿಯ ಜೊತೆ ಅವಳ ಮಾತು ಅಷ್ಟೇ. ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. "ನಿನ್ನೆ ತರಾನೇ." "ಇವತ್ತು ಜಾಸ್ತಿ ಇದೆ." ರೋಗಿಯ ಮುಂದೆ ಹೀಗೆಲ್ಲ ಹೇಳಬಾರದೆಂದು ನರ್ಸಮ್ಮ ಗದರಿದರೂ ಬಿಡಲಿಲ್ಲ. ಇನ್ನು ಈ ಹುಡುಗಿಯ ಮೈಮೇಲೆ ಒಂದು ಸುಳ್ಳನ್ನೂ ಹಾಕುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದರು.

ಮೊನ್ನೆ ಬೆಳಿಗ್ಗೆ ಅವರು ತುಂಬ ಹೊತ್ತು ನೋಡಿದರು. ರೆಪ್ಪೆ ಎಳೆದು ನೋಡಿದರು, ಬಿಟ್ಟು, ಮತ್ತೆ ಎಳೆದು ನೋಡಿದರು.

"ಹೇಗಿದೆ?"

"ಕಮ್ಮಿ ಆಗಿದೆ," ಎಂದರು ಅತ್ತಿಗೆ. "ಸ್ವಲ್ಪ, ಆದ್ರೆ ಆಗಿದೆ."

ಬುಗುರಿ ಅಮ್ಮನ ಮುಖ ನೋಡಲಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಅತ್ತೆ, ನೀನು ನೋಡಿ ಹೇಳು. ಹೌದಾ?"

ನಾನು ಯಾರು ಹೇಳಲು? ಕೈಗೆ ಕೊಟ್ಟ ಡಬ್ಬಿಯ ಮಣಿ ಪೋಣಿಸುವವಳು. ಬಗ್ಗಿ ನೋಡಿದೆ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸವೋ ನನ್ನ ಕಣ್ಣಿಗೆ ದೇವರಾಣೆಗೂ ಗೊತ್ತಾಗಲಿಲ್ಲ. ಇಡೀ ಊರಿನಲ್ಲಿ ಅದನ್ನು ಕಂಡು ಹೇಳಬಲ್ಲ ಒಬ್ಬರೇ ಒಬ್ಬರು ಅವಳ ಪಕ್ಕದಲ್ಲೇ ಇದ್ದರು, ಆಗಲೇ ಹೇಳಿಯೂ ಆಗಿತ್ತು.

"ಹೌದು," ಎಂದೆ.

ಬುಗುರಿ ನನ್ನ ಮುಖವನ್ನು ಒಂದು ಕ್ಷಣ ಓದಿದಳು. ಆಮೇಲೆ ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡು, "ಇರಲಿ, ಡಾಕ್ಟರ್ ಬರ್ಲಿ. ಅವರನ್ನೇ ಕೇಳ್ತೀನಿ," ಎಂದಳು.

ಅತ್ತಿಗೆ ಹೊದಿಕೆ ಬಿಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಡಾಕ್ಟರು ಬರಲು ಇನ್ನೂ ಹೊತ್ತಿತ್ತು.